ನೋಡದ ಊರಿಗೆ ವಾಪಸ್: ಸುಳ್ಯ, ಪುತ್ತೂರಿನ ರಬ್ಬರ್ ಕಾಲೊನಿಗಳ ಪ್ರಕರಣ

ಸುಳ್ಯದಿಂದ ಪುತ್ತೂರಿಗೋ ಸುಬ್ರಹ್ಮಣ್ಯಕ್ಕೋ ಬಸ್ಸಿನಲ್ಲಿ ಹೋದವರು ರಬ್ಬರ್ ತೋಟಗಳನ್ನು ನೋಡಿಯೇ ಇರುತ್ತೀರಿ. ಸಾಲು ಸಾಲು ಮರ, ಪ್ರತಿ ಮರದ ಮೈಗೆ ಓರೆಯಾಗಿ ಒಂದು ಗೀರು, ಅದರ ಕೆಳಗೆ ಹಾಲು ಹಿಡಿಯುವ ಗೆರಟೆ. ಬಹಳಷ್ಟು ತೋಟ ಊರವರದ್ದೇ. ಕೆಲವು ಕಡೆ ಮಾತ್ರ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ಬೋರ್ಡು ಕಾಣುತ್ತದೆ. ಆ ತೋಟಗಳಲ್ಲಿ ಕೆಲಸ ಮಾಡುವವರಿಗೆ ಅಂತಲೇ ಕಾಲೊನಿಗಳಿವೆ. ಅಲ್ಲಿರುವವರನ್ನು ಊರವರು "ಸಿಲೋನಿನವರು" ಅನ್ನುತ್ತಾರೆ. ಸಿಲೋನ್ ಅಂದರೆ ಈಗಿನ ಶ್ರೀಲಂಕಾ. ಮನೆಯೊಳಗೆ ತಮಿಳು, ಶಾಲೆಯಲ್ಲಿ ಕನ್ನಡ, ಪೇಟೆಗೆ ಬಂದರೆ ತುಳು, ಸುಳ್ಯದ ಕಡೆಯಾದರೆ ಅರೆಭಾಷೆಯೂ ಕಿವಿಗೆ ಬಿದ್ದು ಬಿದ್ದು ಬಂದುಬಿಡುತ್ತದೆ.

ಇವರು ನಿರಾಶ್ರಿತರಾ ಅಂತ ಕೇಳಿದರೆ ಕಾನೂನು ಅಲ್ಲ ಅನ್ನುತ್ತದೆ. ಇವರು ಭಾರತದ ಪ್ರಜೆಗಳು. ವೋಟು ಇದೆ, ರೇಷನ್ ಕಾರ್ಡ್ ಇದೆ. ಸರ್ಕಾರಿ ಕಡತಗಳಲ್ಲಿ ಇವರ ಹೆಸರು "ರಿಪ್ಯಾಟ್ರಿಯೇಟ್ಸ್", ಅಂದರೆ ತಾಯ್ನಾಡಿಗೆ ವಾಪಸ್ ಬಂದವರು. ನನಗೆ ತಕರಾರು ಇರುವುದೇ ಆ "ವಾಪಸ್" ಅನ್ನುವ ಮಾತಿನ ಮೇಲೆ. ಬಂದವರಲ್ಲಿ ಹೆಚ್ಚಿನವರು ಹುಟ್ಟಿದ್ದು ಸಿಲೋನಿನಲ್ಲಿ. ಎಷ್ಟೋ ಜನರ ಅಪ್ಪ ಅಮ್ಮ ಹುಟ್ಟಿದ್ದೂ ಅಲ್ಲೇ. ಒಮ್ಮೆಯೂ ಕಾಲಿಡದ ದೇಶಕ್ಕೆ ವಾಪಸ್ ಬರೋದು ಹೇಗೆ?

1983ರಲ್ಲಿ ಅಲ್ಲಿ ತಮಿಳರ ಮೇಲೆ ನಡೆದ ಗಲಭೆಯ ನಂತರ ದೋಣಿ ಹತ್ತಿ ತಮಿಳುನಾಡಿಗೆ ಬಂದು ಕ್ಯಾಂಪುಗಳಲ್ಲಿ ಉಳಿದವರ ಕತೆ ನಮಗೆಲ್ಲ ಗೊತ್ತು. ಸುಳ್ಯದವರು ಅವರಲ್ಲ. ಇವರು ಬಂದದ್ದು ಅದಕ್ಕೂ ಮೊದಲು, ಹಡಗಿನಲ್ಲಿ, ಕೈಯಲ್ಲಿ ಭಾರತದ ಪಾಸ್‌ಪೋರ್ಟ್ ಹಿಡಿದುಕೊಂಡು, ಎರಡು ಸರ್ಕಾರಗಳು ಸಹಿ ಹಾಕಿದ ಒಪ್ಪಂದದ ಪ್ರಕಾರ. ಗುಂಡು ಹಾರಿಲ್ಲ, ಬೆನ್ನಟ್ಟಿದವರಿಲ್ಲ. ಹಾಗಾಗಿಯೇ ಇದನ್ನು ಬಲವಂತದ ವಲಸೆ ಅಂತ ಕರೆಯೋಕೆ ಜನ ಹಿಂದೆಮುಂದೆ ನೋಡುತ್ತಾರೆ. ನನ್ನ ಪ್ರಕಾರ ಇದು ಬಲವಂತದ ವಲಸೆಯೇ. ಬಲ ಇದ್ದದ್ದು ಕಾಗದದಲ್ಲಿ, ಅಷ್ಟೇ.

ಕಾಗದ ಇಲ್ಲದವರು ಆದದ್ದು ಹೇಗೆ

ಸ್ವಲ್ಪ ಹಿಂದಕ್ಕೆ ಹೋಗಬೇಕು. 1820ರ ದಶಕದಿಂದ ಬ್ರಿಟಿಷರು ಸಿಲೋನಿನ ಕ್ಯಾಂಡಿ ಸುತ್ತಲಿನ ಬೆಟ್ಟಗಳಲ್ಲಿ ಕಾಫಿ ಹಾಕಿದರು. ಕೆಲಸಕ್ಕೆ ಮಧುರೆ, ರಾಮನಾಥಪುರ, ತಿರುನೆಲ್ವೇಲಿ, ತಿರುಚ್ಚಿ ಕಡೆಯ ಬಡವರನ್ನು ಕರೆದೊಯ್ದರು. ಅವರಲ್ಲಿ ದಲಿತರೇ ಜಾಸ್ತಿ. ಕರೆದೊಯ್ಯುವವನು ಕಂಗಾಣಿ. ಮುಂಗಡ ಕೊಡುವವನೂ ಅವನೇ, ಲೆಕ್ಕ ಬರೆಯುವವನೂ ಅವನೇ, ಆ ಲೆಕ್ಕ ಯಾವತ್ತೂ ತೀರುತ್ತಿರಲಿಲ್ಲ. ಸಮುದ್ರ ದಾಟಿ ಮನ್ನಾರ್ ಕಡೆ ಇಳಿದು ಕಾಡಿನ ದಾರಿಯಲ್ಲಿ ಮಾತಳೆವರೆಗೆ ನಡೆದೇ ಹೋಗಬೇಕಿತ್ತು. ಕಾಲರಾ ಬಂದು ದಾರಿಯಲ್ಲೇ ಸತ್ತವರಿಗೆ ಲೆಕ್ಕವಿಲ್ಲ. (2023ರಲ್ಲಿ ಆ ಬರುವಿಕೆಗೆ 200 ವರ್ಷ ಆಯಿತೆಂದು ಅಲ್ಲಿನ ಮಲೆಯಗ (ಅಂದರೆ ಬೆಟ್ಟದ) ತಮಿಳರು ತಲೈಮನ್ನಾರಿನಿಂದ ಮಾತಳೆಗೆ ಮತ್ತೆ ನಡೆದರು.) 1869ರ ನಂತರ ಕಾಫಿ ಗಿಡಗಳಿಗೆ ಎಲೆ ತುಕ್ಕು ರೋಗ ಬಡಿಯಿತು. ಕಾಫಿ ಹೋಯಿತು, ಚಹಾ ಬಂತು. ಕಾಫಿಗೆ ಕೆಲವು ತಿಂಗಳು ಆಳು ಸಿಕ್ಕರೆ ಸಾಕು. ಚಹಾ ಹಾಗಲ್ಲ, ವರ್ಷವಿಡೀ ಎಲೆ ಕೀಳಬೇಕು. ಹಾಗಾಗಿ ಜನ ಹೋಗಿ ಬರುವುದು ಬಿಟ್ಟು ಲೈನ್ ಮನೆಗಳಲ್ಲಿ ಅಲ್ಲೇ ಉಳಿದರು. ಒಂದೇ ಉದ್ದನೆಯ ಸೂರು, ಅದರಡಿ ಸಾಲಾಗಿ ಒಂದೊಂದು ಕುಟುಂಬಕ್ಕೆ ಒಂದೊಂದು ಕೋಣೆ. ತಲೆಮಾರುಗಳು ಕಳೆದವು.

1948ರ ಫೆಬ್ರವರಿಯಲ್ಲಿ ಸಿಲೋನಿಗೆ ಸ್ವಾತಂತ್ರ್ಯ ಬಂತು. ಅದೇ ವರ್ಷ ಪೌರತ್ವ ಕಾಯ್ದೆಯೂ ಬಂತು. ನೀನು ಪ್ರಜೆಯಾಗಬೇಕಾದರೆ ನಿನ್ನ ಅಪ್ಪ, ಇಲ್ಲವೇ ಅಜ್ಜ ಮುತ್ತಜ್ಜ ಇದೇ ನೆಲದಲ್ಲಿ ಹುಟ್ಟಿದ್ದಕ್ಕೆ ದಾಖಲೆ ತಾ, ಅನ್ನುವುದು ಅದರ ತಿರುಳು. ಕೇಳೋಕೆ ನ್ಯಾಯವಾಗಿಯೇ ಇದೆ ಅಲ್ವಾ? ಆದರೆ ಲೈನ್ ಮನೆಯಲ್ಲಿ ಹುಟ್ಟಿದ ಕೂಲಿಯ ಮಗುವಿನ ಜನನ ಪತ್ರ ಯಾರ ಹತ್ತಿರ ಇರುತ್ತದೆ? ಸುಮಾರು ಏಳು ಲಕ್ಷ ಜನ ಒಂದೇ ಕಾನೂನಿನಿಂದ ಯಾವ ದೇಶಕ್ಕೂ ಸೇರದವರಾದರು. ಮುಂದಿನ ವರ್ಷ ಅವರ ಮತದಾನದ ಹಕ್ಕೂ ಹೋಯಿತು. ತೋಟದ ಕೂಲಿಗಳು ಮತ ಹಾಕಿದರೆ ಎಡಪಕ್ಷಗಳಿಗೆ ಬಲ ಬರುತ್ತದೆ ಅನ್ನುವ ಭಯ ಅದರ ಹಿಂದೆ ಇತ್ತು ಅಂತ ಬರೆದವರು ಬಹಳ ಜನ. ಬೆಟ್ಟದ ಸಿಂಹಳ ರೈತರ ಜಮೀನಿನ ಸಿಟ್ಟೂ ಇತ್ತು. ಆ ಸಿಟ್ಟಿಗೆ ಕಾರಣವೂ ಇತ್ತು ಅನ್ನಿ. ತೋಟಗಳು ಎದ್ದದ್ದು ಅವರು ನಂಬಿಕೊಂಡಿದ್ದ ಬೆಟ್ಟಗಳ ಮೇಲೆ. ಆದರೆ ಅದನ್ನು ಕಿತ್ತುಕೊಂಡವನು ಬ್ರಿಟಿಷ್ ದೊರೆ, ಅವನ ಕೂಲಿಯಲ್ಲ.

ಏಳಕ್ಕೆ ನಾಲ್ಕು

ನೆಹರೂ ಕಾಲದಲ್ಲಿ ಮಾತುಕತೆ ನಡೆಯಿತು, 1954ರಲ್ಲಿ ಒಂದು ಒಪ್ಪಂದವೂ ಆಯಿತು, ಕೆಲಸಕ್ಕೆ ಬರಲಿಲ್ಲ. ಅವರು ಸಿಲೋನಿನ ಜನ, ಅಲ್ಲೇ ಪೌರತ್ವ ಸಿಗಬೇಕು ಅನ್ನುವುದು ನೆಹರೂ ನಿಲುವಾಗಿತ್ತು. ನೆಹರೂ ತೀರಿಕೊಂಡು ಆರು ತಿಂಗಳು ತುಂಬುವ ಮೊದಲೇ, 1964ರ ಅಕ್ಟೋಬರ್ 30ರಂದು, ಲಾಲ್ ಬಹಾದೂರ್ ಶಾಸ್ತ್ರಿ ಮತ್ತು ಸಿಲೋನಿನ ಪ್ರಧಾನಿ ಸಿರಿಮಾವೋ ಬಂಡಾರನಾಯಕೆ ಹೊಸ ಒಪ್ಪಂದಕ್ಕೆ ಸಹಿ ಹಾಕಿದರು. ಒಟ್ಟು 9,75,000 ಜನ ಅಂತ ಲೆಕ್ಕ. ಅವರಲ್ಲಿ 5,25,000 ಜನ ಭಾರತಕ್ಕೆ, 3,00,000 ಜನ ಸಿಲೋನಿಗೆ. ಉಳಿದ 1,50,000 ಜನರ ವಿಷಯ ಆಮೇಲೆ ನೋಡೋಣ ಅಂದರು. ಹತ್ತು ವರ್ಷ ಬಿಟ್ಟು 1974ರಲ್ಲಿ ಇಂದಿರಾ ಗಾಂಧಿ ಕಾಲದಲ್ಲಿ ಅದನ್ನೂ ಅರ್ಧರ್ಧ ಮಾಡಿದರು, 75,000 ಅತ್ತ, 75,000 ಇತ್ತ. ಅಡಿಕೆ ವ್ಯಾಪಾರದಲ್ಲೂ ಇಷ್ಟು ಚೊಕ್ಕವಾಗಿ ಪಾಲು ಆಗುವುದಿಲ್ಲ.

ಒಪ್ಪಂದದಲ್ಲಿ ಒಂದು ಅನುಪಾತ ಇತ್ತು. ಏಳು ಜನ ಭಾರತಕ್ಕೆ ಹೊರಟರೆ ನಾಲ್ಕು ಜನಕ್ಕೆ ಸಿಲೋನಿನ ಪೌರತ್ವ. ಇದರ ಅರ್ಥ ಏನು ಅಂತ ಒಂದು ನಿಮಿಷ ಯೋಚನೆ ಮಾಡಿ. ಒಬ್ಬ ಮನುಷ್ಯನಿಗೆ ತಾನು ಹುಟ್ಟಿದ ಜಾಗದ ಪ್ರಜೆಯಾಗಬೇಕಾದರೆ ಪಕ್ಕದ ಲೈನಿನವನು ಹಡಗು ಹತ್ತಬೇಕು. ಹತ್ತು ಲಕ್ಷದ ಹತ್ತಿರ ಜನರ ಹಣೆಬರಹ ಬರೆಯುವಾಗ ಅವರನ್ನೇ ಯಾರೂ ಕೂರಿಸಿ ಕೇಳಲಿಲ್ಲ. ಅರ್ಜಿ ಹಾಕುವಾಗ ಮಾತ್ರ ಆಯ್ಕೆ ಅಂತ ಒಂದಿತ್ತು, ಅದರಲ್ಲಿ ಅವರ ಮನಸ್ಸು ಚೆನ್ನಾಗಿ ಕಂಡಿತು. ಭಾರತ ಒಟ್ಟು ಆರು ಲಕ್ಷ ಜನರನ್ನು ತೆಗೆದುಕೊಳ್ಳಲು ಒಪ್ಪಿತ್ತು, ಅರ್ಜಿ ಹಾಕಿದವರು ಸುಮಾರು 5,06,000. ಸಿಲೋನ್ ಕೊಡಲು ಒಪ್ಪಿದ್ದು 3,75,000, ಅರ್ಜಿ ಬಂದದ್ದು ಸುಮಾರು 4,70,000. ಹೋಗಿ ಅಂದಷ್ಟು ಜನ ಹೊರಡಲು ತಯಾರಿರಲಿಲ್ಲ, ಇರಿ ಅಂದದ್ದಕ್ಕಿಂತ ಜಾಸ್ತಿ ಜನ ಇರಲು ಬಯಸಿದ್ದರು.

ಅದರಲ್ಲೂ ಭಾರತಕ್ಕೆ ಅರ್ಜಿ ಹಾಕಿದವರೆಲ್ಲ ಮನಸ್ಸಾರೆ ಹಾಕಿದರು ಅಂದುಕೊಳ್ಳಬೇಡಿ. ಎಪ್ಪತ್ತರ ದಶಕದ ಮೊದಲ ಭಾಗದಲ್ಲಿ ತೋಟಗಳು ರಾಷ್ಟ್ರೀಕರಣವಾದವು, ಕೆಲಸದ ದಿನ ಕಡಿಮೆಯಾದವು, 1973–74ರಲ್ಲಿ ತೋಟಗಳಲ್ಲಿ ಹಸಿವಿನಿಂದ ಜನ ಸತ್ತರು. 1977ರಲ್ಲಿ ಗಲಭೆ, 1981ರಲ್ಲಿ ಮತ್ತೆ. ಹೊಟ್ಟೆಗಿಲ್ಲದವನ ಮುಂದೆ ಅರ್ಜಿ ಇಟ್ಟು ನೀನೇ ಆರಿಸಿಕೋ ಅಂದರೆ ಅದು ಆಯ್ಕೆ ಹೌದಾ? ವಲಸೆಯ ಬಗ್ಗೆ ಈಚೆಗೆ ಕೆಲಸ ಮಾಡುವವರು ಮತ್ತೆ ಮತ್ತೆ ಎತ್ತುವ ಪ್ರಶ್ನೆಯೂ ಇದೇ. ತಾನಾಗಿ ಹೋದವನು, ಓಡಿಸಲ್ಪಟ್ಟವನು ಅಂತ ಎರಡು ಡಬ್ಬಿ ಮಾಡಿದರೆ ಮನುಷ್ಯರು ಆ ಡಬ್ಬಿಗಳಲ್ಲಿ ಕೂರುವುದೇ ಇಲ್ಲ.

ಮಂಡಪಂ

ಒಪ್ಪಂದಕ್ಕೆ ಸಹಿ ಬಿದ್ದು ಎರಡು ತಿಂಗಳಾಗಿರಲಿಲ್ಲ, ಡಿಸೆಂಬರ್ 22ರ ರಾತ್ರಿ ಚಂಡಮಾರುತಕ್ಕೆ ಧನುಷ್ಕೋಡಿ ಊರೇ ಕೊಚ್ಚಿಹೋಯಿತು. ಸಿಲೋನಿನ ಹಡಗು ಅಲ್ಲಿಗೆ ಬರುತ್ತಿದ್ದದ್ದು. ಆಮೇಲೆ ತಲೈಮನ್ನಾರ್ ಮತ್ತು ರಾಮೇಶ್ವರದ ನಡುವೆ ಹಡಗು ಓಡಿತು. ಜನ ಬೆಟ್ಟದ ರೈಲಿನಲ್ಲಿ ಕೆಳಗಿಳಿದು, ರಾತ್ರಿಯಿಡೀ ಪಯಣಿಸಿ, ತಲೈಮನ್ನಾರಿನಲ್ಲಿ ಹಡಗು ಹತ್ತಿ ರಾಮೇಶ್ವರದಲ್ಲಿ ಇಳಿದು ಮಂಡಪಂ ಕ್ಯಾಂಪಿಗೆ ಬಂದರು. ಈ ಮಂಡಪಂ ಕ್ಯಾಂಪ್ ಹೊಸದೇನಲ್ಲ. ಬ್ರಿಟಿಷರ ಕಾಲದಲ್ಲಿ ತೋಟದ ಕೂಲಿಗಳನ್ನು ಸಿಲೋನಿಗೆ ಕಳಿಸುವ ಮೊದಲು ರೋಗ ಇದೆಯೇ ಅಂತ ನೋಡಲು ಕೂಡಿಹಾಕುತ್ತಿದ್ದ ಜಾಗ ಅದು. ಅಜ್ಜ ಹೋದದ್ದು ಆ ಬಾಗಿಲಲ್ಲಿ, ಮೊಮ್ಮಗ ಬಂದದ್ದೂ ಅದೇ ಬಾಗಿಲಲ್ಲಿ.

ಕುಟುಂಬಕ್ಕೆ ಒಂದು ಕಾರ್ಡು. ಅದರಲ್ಲಿ ನಿನಗೆ ಯಾವ ಪುನರ್ವಸತಿ ಅಂತ ಬರೆದಿರುತ್ತಿತ್ತು. ಕೆಲವರಿಗೆ ಸಣ್ಣ ವ್ಯಾಪಾರ ಮಾಡಲು ಸಾಲ, ಕೆಲವರಿಗೆ ನೂಲಿನ ಗಿರಣಿ, ಕೆಲವರಿಗೆ ನೀಲಗಿರಿಯಲ್ಲಿ ತಮಿಳುನಾಡು ಸರ್ಕಾರ 1968ರಲ್ಲಿ ಶುರುಮಾಡಿದ ಚಹಾ ತೋಟ. ಸಾಲ ಸಿಕ್ಕವರದ್ದೇ ದೊಡ್ಡ ಗೋಳು. ಹುಟ್ಟಿದಾಗಿನಿಂದ ಚಹಾ ಎಲೆ ಕಿತ್ತವನು ಯಾರೂ ಪರಿಚಯವಿಲ್ಲದ ಊರಿನಲ್ಲಿ ಏನು ಅಂಗಡಿ ಇಡುತ್ತಾನೆ? ಪೂರ್ವಿಕರ ಊರು ಅಂತ ಹುಡುಕಿಕೊಂಡು ಹೋದವರಿಗೆ ಅಲ್ಲಿ ನೆಂಟರಿರಲಿಲ್ಲ, ಇದ್ದರೂ ಹಳೆಯ ಜಮೀನಿನ ಪಾಲು ಕೇಳಲು ಬಂದರೇನೋ ಅನ್ನುವ ಅನುಮಾನ. ದುಡ್ಡು ಕರಗಿತು. ಎಷ್ಟೋ ಜನ ಮತ್ತೆ ಬೆಟ್ಟ ಹುಡುಕಿಕೊಂಡು ನೀಲಗಿರಿಗೂ ಕೊಡೈಕೆನಾಲಿಗೂ ಹೋದರು. ಕೊಡೈಕೆನಾಲ್ ಗುಡ್ಡಗಳಲ್ಲಿ ಗುತ್ತಿಗೆದಾರರ ಕೈಗೆ ಸಿಕ್ಕಿ ಜೀತಕ್ಕೆ ಬಿದ್ದವರೂ ಇದ್ದರು. ಸಿಲೋನಿನಿಂದ ತರಬಹುದಾದ ಆಸ್ತಿಯ ಮಿತಿಯನ್ನು ಕುಟುಂಬಕ್ಕೆ 4,000 ರೂಪಾಯಿಗಿಂತ ಕಡಿಮೆ ಮಾಡಬಾರದು ಅಂತ ಒಪ್ಪಂದದಲ್ಲಿ ಬರೆದಿತ್ತು. ಅಷ್ಟು ಇದ್ದವರೇ ಎಷ್ಟು ಜನ!

ಹೀಗೆ ಕೆಲವು ಕುಟುಂಬಗಳ ಕಾರ್ಡಿನಲ್ಲಿ ಕರ್ನಾಟಕ ಅಂತ ಬಂತು. ದಕ್ಷಿಣ ಕನ್ನಡದ ಕಾಡಂಚಿನಲ್ಲಿ ಸರ್ಕಾರ ರಬ್ಬರ್ ಹಾಕುತ್ತಿತ್ತು, 1971ರಲ್ಲಿ ಅರಣ್ಯ ಅಭಿವೃದ್ಧಿ ನಿಗಮ ಶುರುವಾಯಿತು, ಅದಕ್ಕೆ ಆಳು ಬೇಕಿತ್ತು. ಕೇಂದ್ರಕ್ಕೆ ಜನರನ್ನು ಎಲ್ಲಾದರೂ ಇಡಬೇಕಿತ್ತು. ಎರಡೂ ಕಡೆಯ ಅವಶ್ಯಕತೆ ಕೂಡಿಬಂತು. ಮೈಗೆ ಚಳಿಯ ಬೆಟ್ಟ ಗೊತ್ತಿದ್ದವರು ಈಗ ಕರಾವಳಿಯ ಬೆವರಿನ ಕಾಡಿನಲ್ಲಿ ಇಳಿದರು. ಜಿಗಣೆ, ಆರು ತಿಂಗಳ ಮಳೆ, ಗೊತ್ತಿಲ್ಲದ ಎರಡು ಮೂರು ಭಾಷೆ.

ಮರ, ಕತ್ತಿ, ಮನೆ

ಈಗ ನನಗೆ ಮುಖ್ಯ ಅನ್ನಿಸುವ ಭಾಗಕ್ಕೆ ಬರುತ್ತೇನೆ. ಕೆಲಸ ಸಿಕ್ಕಿತು, ಮನೆ ಸಿಕ್ಕಿತು, ಪೌರತ್ವ ಇದೆ. ಇನ್ನೇನು ಬೇಕು? ನಿರಾಶ್ರಿತರ ಸಮಸ್ಯೆಗೆ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಮೂರು ಶಾಶ್ವತ ಪರಿಹಾರ ಹೇಳುತ್ತದೆ: ಸ್ವಂತ ದೇಶಕ್ಕೆ ಮರಳುವುದು, ಆಶ್ರಯ ಕೊಟ್ಟ ದೇಶದಲ್ಲೇ ಬೆರೆಯುವುದು, ಮೂರನೇ ದೇಶಕ್ಕೆ ಹೋಗುವುದು. ಕಾಗದದ ಪ್ರಕಾರ ಸುಳ್ಯದ ಕಾಲೊನಿಗಳು ಮೊದಲನೆಯದರ ಯಶಸ್ಸಿನ ಕತೆ.

ಆದರೆ ಆ ಮನೆ ಯಾರದ್ದು? ನಿಗಮದ್ದು. ಮನೆ ಇರುವ ನೆಲ ಯಾರದ್ದು? ಅರಣ್ಯ ಇಲಾಖೆಯದ್ದು, ನಿಗಮಕ್ಕೆ ಅದು ಗುತ್ತಿಗೆಗೆ ಬಂದದ್ದು. ಮನೆಯಲ್ಲಿ ಇರಬಹುದು, ಕೆಲಸ ಇರುವ ತನಕ. ನಿವೃತ್ತಿಯಾದರೆ ಬಿಡಬೇಕು. ಸಿಲೋನಿನ ಲೈನ್ ಮನೆಯ ಕಾನೂನೂ ಇದೇ ಆಗಿತ್ತು. ನೂರೈವತ್ತು ವರ್ಷ ಕಳೆದು, ಸಮುದ್ರ ಎರಡು ಸಲ ದಾಟಿ, ಪ್ರಜೆಗಳಾಗಿ, ಕೊನೆಗೆ ಬಂದು ನಿಂತದ್ದು ಅದೇ ಕರಾರಿನ ಕೆಳಗೆ.

ಸರಿ, ಇಷ್ಟು ವರ್ಷ ಇದ್ದಾರಲ್ಲ, ಆ ಜಾಗವನ್ನೇ ಬರೆದುಕೊಟ್ಟರಾಯಿತು ಅಂತ ನಿಮಗೆ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು. ಅಲ್ಲಿ ಕಾನೂನು ಎರಡು ಕಡೆಯಿಂದ ಅಡ್ಡ ನಿಲ್ಲುತ್ತದೆ. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕಾಡಿನ ಜಾಗವನ್ನು ಬೇರೆ ಉದ್ದೇಶಕ್ಕೆ ಕೊಡಬೇಕಾದರೆ ಕೇಂದ್ರದ ಒಪ್ಪಿಗೆ ಬೇಕು. ಇನ್ನು 2006ರ ಅರಣ್ಯ ಹಕ್ಕು ಕಾಯ್ದೆ ಇದೆಯಲ್ಲ, ಅದರಲ್ಲಿ ಬುಡಕಟ್ಟಿನವರಲ್ಲದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ಬದುಕಿದ್ದನ್ನು ತೋರಿಸಬೇಕು. ಎಪ್ಪತ್ತರ ದಶಕದಲ್ಲಿ ಸರ್ಕಾರವೇ ಲಾರಿಯಲ್ಲಿ ತಂದು ಇಳಿಸಿದವರು 75 ವರ್ಷ ಎಲ್ಲಿಂದ ತರುತ್ತಾರೆ? ಅಲ್ಲಿ ಅಜ್ಜ ಹುಟ್ಟಿದ ದಾಖಲೆ ಕೇಳಿದರು, ಇಲ್ಲಿ ಮೂರು ತಲೆಮಾರಿನ ದಾಖಲೆ ಕೇಳುತ್ತಾರೆ.

ಜಾತಿ ಪ್ರಮಾಣಪತ್ರದ ಜಗಳವೂ ಇದೇ ಬಗೆಯದ್ದು. ಬಂದವರಲ್ಲಿ ಬಹಳ ಜನ ಪರಿಶಿಷ್ಟ ಜಾತಿಯವರು. ಪರಯ, ಪಳ್ಳ, ಆದಿ ದ್ರಾವಿಡ ಹೆಸರುಗಳು ಕರ್ನಾಟಕದ ಪಟ್ಟಿಯಲ್ಲೂ ಇವೆ. ಆದರೆ ಪರಿಶಿಷ್ಟರ ಪಟ್ಟಿ ರಾಜ್ಯವಾರು ಆದದ್ದು, ಮತ್ತು ಅಧಿಕಾರಿಗಳು ನೋಡುವುದು 1950ರಲ್ಲಿ ನಿಮ್ಮ ಕುಟುಂಬದ ಕಾಯಂ ಊರು ಯಾವುದು ಅಂತ. ಇವರ ಕುಟುಂಬ 1950ರಲ್ಲಿ ಇದ್ದದ್ದು ಸಿಲೋನಿನ ಚಹಾ ತೋಟದಲ್ಲಿ, ಯಾವ ದೇಶದ ಪ್ರಜೆಗಳೂ ಅಲ್ಲದೆ. ಕಾಲೇಜು ಸೀಟಿಗೆ, ಸ್ಕಾಲರ್‌ಶಿಪ್ಪಿಗೆ ಅರ್ಜಿ ಹಾಕುವ ಹೊತ್ತಿಗೆ ಈ ಪ್ರಶ್ನೆ ಎದ್ದು ಮಕ್ಕಳು ಅಲೆದಾಡಿದ್ದು ಈ ಕಾಲೊನಿಗಳ ಹಳೆಯ ದೂರು. ಜಾತಿಯ ಅವಮಾನಕ್ಕೆ ಮಾತ್ರ ಯಾರೂ ಸರ್ಟಿಫಿಕೇಟ್ ಕೇಳಲಿಲ್ಲ, ಅದು ಸುಮ್ನೆ ಸಿಕ್ಕಿತು.

ರಬ್ಬರ್ ಮರದ ವಿಷಯ ಒಂದು ಮಾತು. ನೆಟ್ಟ ಗಿಡಕ್ಕೆ ಆರೇಳು ವರ್ಷ ಆಗುವ ತನಕ ಕತ್ತಿ ಹಾಕುವ ಹಾಗಿಲ್ಲ. ಆಮೇಲೆ ಇಪ್ಪತ್ತೈದು ವರ್ಷದಷ್ಟು ಹಾಲು. ನಂತರ ಮರ ಕಡಿದು ಹೊಸದು ನೆಡಬೇಕು. ಹೊಸದು ನೆಟ್ಟ ಜಾಗದಲ್ಲಿ ಮತ್ತೆ ಆರೇಳು ವರ್ಷ ಟ್ಯಾಪಿಂಗ್, ಅಂದರೆ ಮರ ಗೀರಿ ಹಾಲು ಇಳಿಸುವ ಕೆಲಸವಿಲ್ಲ. ಬೆಳಿಗ್ಗೆ ಬಿಸಿಲೇರುವ ಮುಂಚೆ ಟ್ಯಾಪಿಂಗ್ ಮುಗಿಯಬೇಕು, ಯಾಕಂದರೆ ಬಿಸಿಲಾದರೆ ಹಾಲು ಬೇಗ ಕಟ್ಟುತ್ತದೆ. ಮಳೆಗಾಲದಲ್ಲಿ ಮರಕ್ಕೆ ಪ್ಲಾಸ್ಟಿಕ್ ಲಂಗ ಕಟ್ಟದಿದ್ದರೆ ಕೆಲಸವೇ ಇಲ್ಲ. ಇಷ್ಟೆಲ್ಲ ಮಾಡಿ ತೆಗೆದ ರಬ್ಬರ್ ಶೀಟಿಗೆ 2011ರಲ್ಲಿ ಕಿಲೋಗೆ 240 ರೂಪಾಯಿ ಹತ್ತಿರ ಬೆಲೆ ಇತ್ತು. 2016ರ ಶುರುವಿನಲ್ಲಿ ಅದೇ ಶೀಟು ನೂರು ರೂಪಾಯಿಗಿಂತ ಕೆಳಗಿಳಿಯಿತು. ಖಾಸಗಿ ತೋಟದವರು ಟ್ಯಾಪಿಂಗ್ ನಿಲ್ಲಿಸಿ ಸುಮ್ಮನಿರಬಹುದು, ಅಡಿಕೆ ಇದೆ, ಕಾಳುಮೆಣಸು ಇದೆ. ಪುನರ್ವಸತಿಯನ್ನೇ ರಬ್ಬರಿಗೆ ಕಟ್ಟಿಹಾಕಿಕೊಂಡ ಕಾಲೊನಿ ಏನು ಮಾಡಬೇಕು? ರಬ್ಬರ್ ಬೆಲೆ ಬಿದ್ದರೆ ನಿಗಮಕ್ಕೆ ನಷ್ಟ, ನಿಗಮಕ್ಕೆ ನಷ್ಟವಾದರೆ ಕೂಲಿ, ಬೋನಸ್, ಮನೆ ರಿಪೇರಿ ಎಲ್ಲಕ್ಕೂ ಕುತ್ತು. ನೀಲಗಿರಿಯಲ್ಲಿ ಏನಾಯಿತು ಅಂತ ನೋಡಿದರೆ ಇದರ ಮುಂದಿನ ಪುಟ ಕಾಣುತ್ತದೆ. ನಷ್ಟದಲ್ಲಿದ್ದ ಅಲ್ಲಿನ ಸರ್ಕಾರಿ ಚಹಾ ನಿಗಮದ ಎರಡು ಸಾವಿರ ಹೆಕ್ಟೇರಿಗೂ ಹೆಚ್ಚು ತೋಟವನ್ನು ಅರಣ್ಯ ಇಲಾಖೆಗೆ ವಾಪಸ್ ಕೊಡುವ ತೀರ್ಮಾನ 2022ರಲ್ಲಿ ಬಂತು. ಕಾಡಿಗೆ ಕಾಡು ವಾಪಸ್ ಬರುವುದಕ್ಕೆ ನನ್ನ ವಿರೋಧವಿಲ್ಲ. ಆದರೆ ಆ ತೋಟ ಹುಟ್ಟಿದ್ದೇ ಈ ಜನರಿಗೆ ಬದುಕು ಕೊಡೋಕೆ. ತೋಟ ಹೋದರೆ ಜನ ಎಲ್ಲಿ ಹೋಗಬೇಕು ಅನ್ನುವ ಪ್ರಶ್ನೆ ಮೊದಲು ಬರಬೇಕಿತ್ತು, ಕೊನೆಗೆ ಬಂತು.

ನಿರಾಶ್ರಿತರ ಮನೆ, ಜಮೀನು ವಾಪಸ್ ಕೊಡಿಸುವ ಬಗ್ಗೆ 2005ರಲ್ಲಿ ವಿಶ್ವಸಂಸ್ಥೆಯ ಪಿನ್ಹೇರೊ ತತ್ವಗಳು ಬಂದವು. ಒಳ್ಳೆಯದೇ. ಯುದ್ಧಕ್ಕೆ ಮುಂಚೆ ನಿನ್ನದಾಗಿದ್ದ ಮನೆ ನಿನಗೆ ಮರಳಬೇಕು ಅನ್ನುತ್ತವೆ ಅವು. ಆದರೆ ಹಿಂದೆಯೂ ಮನೆ ಇಲ್ಲದವನಿಗೆ, ಮುಂದೆಯೂ ಮನೆ ಕೊಡದವನಿಗೆ ಏನನ್ನು ಮರಳಿಸುವುದು? ನ್ಯಾಯದ ಲೆಕ್ಕವೆಲ್ಲ ಕಳೆದುಕೊಂಡದ್ದನ್ನು ಹಿಂದಿರುಗಿಸುವ ಲೆಕ್ಕ. ಕೂಲಿಯವನು ಕಳೆದುಕೊಂಡದ್ದಕ್ಕೆ ಪಹಣಿಯೇ ಇರುವುದಿಲ್ಲ. ಈ ಪ್ರಕರಣದಿಂದ ನನಗೆ ಹೊಳೆದದ್ದು ಅಂದರೆ ಇದು: ಪೌರತ್ವ ಸಿಕ್ಕ ದಿನವೇ ಸರ್ಕಾರ, ಸಂಶೋಧಕರು, ಪತ್ರಿಕೆಗಳು ಎಲ್ಲರೂ ಕಡತ ಮುಚ್ಚಿಬಿಡುತ್ತಾರೆ, ಆದರೆ ಬೇರು ಬಿಡುವ ಕೆಲಸ ಶುರುವಾಗುವುದು ಆ ದಿನದಿಂದ.

ಪೌರತ್ವ ಏನೂ ಅಲ್ಲ ಅಂತ ನಾನು ಹೇಳುತ್ತಿಲ್ಲ. ಇವರ ದಾಯಾದಿಗಳನ್ನೇ ನೋಡಿ. ಹಡಗು 1984ರಲ್ಲಿ ನಿಂತಿತು. ಅರ್ಜಿ ಹಾಕಿ ಭಾರತದ ಪಾಸ್‌ಪೋರ್ಟ್ ಸಿಕ್ಕಿದ್ದರೂ ಹೊರಡಲಾಗದೆ ಅಲ್ಲೇ ಉಳಿದವರು ಬಹಳ ಜನ. ಅವರಿಗೆ ಶ್ರೀಲಂಕಾ 2003ರಲ್ಲಿ ಕಾನೂನು ಮಾಡಿ ಪೌರತ್ವ ಕೊಟ್ಟಿತು. ಅದೇ ಬೆಟ್ಟದ ಇನ್ನೊಂದಿಷ್ಟು ಜನ ಗಲಭೆಗೆ ಹೆದರಿ ದೋಣಿಯಲ್ಲಿ ತಮಿಳುನಾಡಿಗೆ ಬಂದರು. ಒಪ್ಪಂದದ ಪ್ರಕಾರ ಹಡಗಿನಲ್ಲಿ ಬಂದವನು ಪ್ರಜೆ, ಒಪ್ಪಂದದ ಹಡಗು ನಿಂತ ಮೇಲೆ ದೋಣಿಯಲ್ಲಿ ಬಂದ ಅವನ ತಮ್ಮ ಅಕ್ರಮ ವಲಸಿಗ. ಇಂಥ 65 ಜನ ಮದ್ರಾಸ್ ಹೈಕೋರ್ಟಿನ ಮಧುರೆ ಪೀಠಕ್ಕೆ ಹೋದರು. 2019ರ ಜೂನ್ 17ರಂದು ನ್ಯಾಯಮೂರ್ತಿ ಜಿ.ಆರ್. ಸ್ವಾಮಿನಾಥನ್, ಇವರು ಭಾರತೀಯ ಮೂಲದವರು, ಪೌರತ್ವದ ಅರ್ಜಿ ತೆಗೆದುಕೊಂಡು ತೀರ್ಮಾನಿಸಿ ಅಂತ ಹೇಳಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಬಂದ ಪೌರತ್ವ ತಿದ್ದುಪಡಿ ಕಾಯ್ದೆಯಲ್ಲಿ ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನದ ಹೆಸರಿದೆ. ಶ್ರೀಲಂಕಾ ಇಲ್ಲ. ಭಾರತ 1951ರ ನಿರಾಶ್ರಿತರ ಒಡಂಬಡಿಕೆಗೆ ಸಹಿ ಹಾಕಿಲ್ಲ, ನಮ್ಮಲ್ಲಿ ನಿರಾಶ್ರಿತರಿಗೆ ಅಂತ ಪ್ರತ್ಯೇಕ ಕಾನೂನೂ ಇಲ್ಲ. ಹಾಗಾಗಿ ಯಾವ ದಿನ, ಯಾವುದರಲ್ಲಿ ಬಂದೆ ಅನ್ನುವುದರ ಮೇಲೆ ಬದುಕು ನಿಂತುಬಿಡುತ್ತದೆ. ಆ ಕ್ಯಾಂಪಿನವರ ಪಕ್ಕದಲ್ಲಿಟ್ಟು ನೋಡಿದರೆ ಸುಳ್ಯದವರು ಪುಣ್ಯವಂತರೇ.

ಈಗ ಕಾಲೊನಿಗಳ ಹೊಸ ತಲೆಮಾರು ಬೇರೆಯೇ. ಇಲ್ಲೇ ಹುಟ್ಟಿದವರು, ಕನ್ನಡದಲ್ಲಿ ಓದಿದವರು. ಅವರಲ್ಲಿ ಓದು ಮುಗಿಸಿ ಮಂಗಳೂರಿಗೆ, ಬೆಂಗಳೂರಿಗೆ, ಕೊಯಮತ್ತೂರಿಗೆ ಕೆಲಸಕ್ಕೆ ಹೋಗುವ ಆಸೆ ಇಲ್ಲದವರು ಯಾರಿದ್ದಾರೆ? ಅಪ್ಪ ಅಮ್ಮ ಕೂಡ ಟ್ಯಾಪಿಂಗ್ ಕತ್ತಿ ನಮಗೇ ಸಾಕು ಅನ್ನುತ್ತಾರೆ. ಆದರೆ ಕೆಲಸ ಇದ್ದರೆ ಮಾತ್ರ ಮನೆ ಅನ್ನುವ ಕರಾರು ಹಾಗೇ ಇದೆ. ಅಪ್ಪ ಅಮ್ಮನಿಗೆ ವಯಸ್ಸಾದಾಗ ಮನೆ ಉಳಿಯಬೇಕಾದರೆ ಮನೆಯಲ್ಲಿ ಒಬ್ಬರಾದರೂ ನಿಗಮದ ಕೆಲಸದಲ್ಲಿ ಇರಬೇಕು. ಹಾಗಾಗಿ ಮಕ್ಕಳಲ್ಲಿ ಯಾರು ಪೇಟೆಗೆ, ಯಾರು ಮರಕ್ಕೆ ಅನ್ನುವ ಲೆಕ್ಕ ಆ ಮನೆಗಳ ಅಡುಗೆಕೋಣೆಯಲ್ಲೇ ನಡೆಯಬೇಕಾಗುತ್ತದೆ.